ಕತ್ತಿಗಳ ಯಜಮಾನರು

ನಮ್ಮ ಮನೆಗೆ ಹೊಸದಾಗಿ ಬಂದವರು ನಡುಮನೆಯ ಗೋಡೆಯ ಮೇಲಿರುವ ಕತ್ತಿಗಳನ್ನು ನೋಡುತ್ತಾರೆ. ನೋಡಿದ ಮರುಕ್ಷಣ ನನ್ನ ಗಂಡನ ತೋಳು ನೋಡುತ್ತಾರೆ. ಆ ತೋಳುಗಳಲ್ಲಿ ನೋಡುವಂಥದ್ದು ಏನೂ ಇಲ್ಲ ಎಂಬುದು ಮದುವೆಯಾದ ದಿನದಿಂದ ನನಗೆ ಗೊತ್ತು. ಈರುಳ್ಳಿ ಹೆಚ್ಚಲು ಕೂತರೆ ಮೊದಲು ಬೆರಳು ಹೆಚ್ಚಿಕೊಳ್ಳುವ ಮನುಷ್ಯ ಅವರು. ಆದರೂ ಬಂದವರು "ಏನ್ಸಾರ್, ಕತ್ತಿ ಕಲೆಕ್ಷನ್ನಾ?" ಎಂದು ಅವರನ್ನೇ ಕೇಳುತ್ತಾರೆ. ಅವರು ತಲೆ ತಗ್ಗಿಸಿ, ಸ್ವಲ್ಪ ನಾಚಿಕೊಂಡು, "ಹ್ಞೂ, ಏನೋ ಒಂದು ಹವ್ಯಾಸ" ಅನ್ನುತ್ತಾರೆ. ಈ ಮಾತಿನಲ್ಲಿ ಸುಳ್ಳು ಎಲ್ಲಿದೆ ಎಂದು ಹುಡುಕಿ ನೋಡಿ, ಸಿಗುವುದಿಲ್ಲ. ಹವ್ಯಾಸ ಹೌದು. ಯಾರದು ಎಂದು ಇವರು ಹೇಳಲಿಲ್ಲ, ಬಂದವರು ಕೇಳಲಿಲ್ಲ. ಅಷ್ಟರಲ್ಲಿ ನಾನು ಕಾಫಿ ತಂದಿರುತ್ತೇನೆ.

ಕತ್ತಿಗಳು ನನ್ನವು. ಇಷ್ಟು ಸಣ್ಣ ವಾಕ್ಯ ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ನನಗೆ ಸಿಟ್ಟು ಬರುವುದು ದೊಡ್ಡ ಸುದ್ದಿಯೇನಲ್ಲ. ತುಮಕೂರಿನ ಕಾಲೇಜೊಂದರಲ್ಲಿ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವವಳು ನಾನು. ಆ್ಯಸಿಡ್ ಬಾಟಲಿಗೆ ಮಕ್ಕಳು ನನ್ನ ಹೆಸರಿಟ್ಟಿದ್ದಾರೆಂದು ನನಗೆ ಗೊತ್ತಿದೆ, ನನಗೆ ಗೊತ್ತಿದೆ ಎಂದು ಅವರಿಗೆ ಗೊತ್ತಿಲ್ಲ. ಆದರೆ ಈಗ ಹೇಳಹೊರಟಿರುವ ಸಿಟ್ಟು ಅಂಥ ದಿನಬಳಕೆಯ ಸಿಟ್ಟಲ್ಲ.

ಮೊದಲು ಕತ್ತಿಯ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ನನ್ನ ಬಾಯಿಂದ ಪೂರ್ತಿ ಕೇಳಿದವರು ಯಾರೂ ಇಲ್ಲ. ನನ್ನ ತಾಯಿಯ ತವರು ಕುಣಿಗಲ್. ತಾಯಿಯ ಅಜ್ಜ ಅಲ್ಲಿಯ ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವರು. ಮೊದಲನೇ ಮಹಾಯುದ್ಧದಲ್ಲಿ ಮೈಸೂರಿನ ಕುದುರೆ ಪಡೆ ತುರ್ಕರ, ಜರ್ಮನರ ವಿರುದ್ಧ ಕಾದಲು ಸಮುದ್ರ ದಾಟಿ ಪ್ಯಾಲೆಸ್ಟೈನ್ ಕಡೆ ಹೋದಾಗ ಅವರೂ ಹೋದರು. ಹುಲ್ಲು ಹಾಕುವುದಕ್ಕೂ ಲದ್ದಿ ತೆಗೆಯುವುದಕ್ಕೂ ಯುದ್ಧದಲ್ಲಿ ಜನ ಬೇಕಲ್ಲ. ವಾಪಸು ಬರುವಾಗ ಒಂದು ಕತ್ತಿ ತಂದರು. ಎಲ್ಲಿ ಸಿಕ್ಕಿತು, ಯಾರು ಕೊಟ್ಟರು ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾನು ಕಾಣುವ ಹೊತ್ತಿಗೆ ಅದು ನನ್ನ ಸೋದರಮಾವನ ಕೊಟ್ಟಿಗೆಯಲ್ಲಿ ಬಾಗಿಲಿಗೆ ಅಗುಳಿಯಾಗಿತ್ತು.

"ಅದ್ನ ತಗಂಡೋಗಿ ಏನ್ ಮಾಡ್ತೀಯವ್ವಾ, ತುಕ್ಕು ಹಿಡ್ದದೆ" ಅಂದರು ಮಾವ. ತುಕ್ಕು ಎಂದರೆ ನನಗೆ ಪಾಠದ ವಿಷಯ. ಮನೆಗೆ ತಂದು ಸೀಮೆಎಣ್ಣೆಯಲ್ಲಿ ನೆನೆಸಿಟ್ಟೆ, ಮೆತ್ತನೆ ಬಟ್ಟೆಯಲ್ಲಿ ಒಂದೊಂದೇ ಅಂಗುಲ ತಿಕ್ಕಿದೆ. ಹಿಡಿಯ ಮೇಲೆ ಮೊದಲು ಒಂದು ಮೂಗು ಕಾಣಿಸಿತು, ಆಮೇಲೆ ಕೇಸರ, ಆಮೇಲೆ ಒಂದು ಸಿಂಹದ ತಲೆ. ಅದರ ಒಂದು ಕಣ್ಣಿಗೆ ಕೆಂಪು ಗಾಜಿತ್ತು, ಇನ್ನೊಂದು ಕುರುಡು. ಬ್ಲೇಡಿನ ಮೇಲೆ ಬಳ್ಳಿ, ಎಲೆ, ಬಳ್ಳಿಯ ನಡುವೆ ಜರ್ಮನ್ ಅಕ್ಷರ. ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಯಾರೂ ಮುಟ್ಟದ ಒಂದು ಜರ್ಮನ್ ನಿಘಂಟಿತ್ತು. ಅದನ್ನು ಇಟ್ಟುಕೊಂಡು, ಆ ಹಳೆಯ ಕಾಲದ ಮುಳ್ಳುಮುಳ್ಳು ಲಿಪಿಯನ್ನು ಕೂಡಿಸಿ ಕೂಡಿಸಿ ಓದಿದೆ. "ನಮ್ಮ ಪ್ರೀತಿಯ ಓಟ್ಟೋಗೆ, ಮೂವರು ಗೆಳೆಯರಿಂದ." ಓಟ್ಟೋ ಆದ ಮೇಲೆ ಒಂದು ಮನೆತನದ ಹೆಸರು. ಅದರ ಮೊದಲ ಮೂರು ಅಕ್ಷರ ಉಳಿದು ಮಿಕ್ಕದ್ದನ್ನು ತುಕ್ಕು ತಿಂದಿತ್ತು. ಪೂರ್ತಿ ತಿಂದಿರಲಿಲ್ಲ. ಬೆಳಗಿನ ಬಿಸಿಲಿಗೆ ಓರೆಯಾಗಿ ಹಿಡಿದರೆ ಇನ್ನೊಂದು ಅಕ್ಷರ ಕಂಡಂತಾಗಿ ಮರೆಯಾಗುತ್ತಿತ್ತು. ಆ ಅಕ್ಷರಕ್ಕಾಗಿ ಎಷ್ಟೋ ಭಾನುವಾರ ಬಾಲ್ಕನಿಯಲ್ಲಿ ಕತ್ತಿ ಹಿಡಿದು ನಿಂತಿದ್ದೇನೆ. ಎದುರು ಮನೆಯವರು ಆಗಿನಿಂದ ನಮ್ಮ ಜೊತೆ ಬಹಳ ಮರ್ಯಾದೆಯಿಂದ ಇದ್ದಾರೆ.

ಆಮೇಲೆ ಹುಚ್ಚು ಹಿಡಿಯಿತು. ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು, ಮೈಸೂರಿನಲ್ಲಿ ಖಾಲಿ ಮಾಡುತ್ತಿದ್ದ ಒಂದು ಬಂಗಲೆಯಲ್ಲಿ ಎರಡು ಸಿಕ್ಕವು. ಎಲ್ಲ ಜರ್ಮನ್ ಸೇನಾಧಿಕಾರಿಗಳವೇ, ನೂರು ವರ್ಷ ಮೀರಿದವು. ಒಂದರ ಹಿಡಿಗೆ ಮೀನಿನ ಚರ್ಮ ಸುತ್ತಿ ಬೆಳ್ಳಿಯಂಥ ತಂತಿ ಹೊಸೆದಿದ್ದಾರೆ. ಇನ್ನೊಂದರಲ್ಲಿ ಮುಷ್ಟಿಗೆ ಪೆಟ್ಟಾಗದಂತೆ ಕಾಯುವ ಲೋಹದ ಪಟ್ಟಿಯ ಮೇಲೆ ರೆಕ್ಕೆ ಬಿಚ್ಚಿದ ಹದ್ದು. ಓದುತ್ತ ಹೋದಂತೆ ನನಗೆ ತಮಾಷೆ ಅನ್ನಿಸಿದ್ದೇನೆಂದರೆ, ಇವುಗಳಲ್ಲಿ ಮುಕ್ಕಾಲುಪಾಲು ಯಾರನ್ನೂ ಕಡಿದವಲ್ಲ. ಆ ಹೊತ್ತಿಗೆ ಬಂದೂಕು ಬಂದಾಗಿತ್ತು, ಕತ್ತಿಗೆ ಕೆಲಸ ತಪ್ಪಿತ್ತು. ಕೆಲಸ ತಪ್ಪಿದಷ್ಟೂ ಅದಕ್ಕೆ ಸಿಂಹ, ಹದ್ದು, ಬಳ್ಳಿ, ಚಿನ್ನದ ಕುಚ್ಚು ಎಲ್ಲ ಹೆಚ್ಚಾಯಿತು. ಕೆಲಸವಿಲ್ಲದ್ದಕ್ಕೇ ಅಲಂಕಾರ ಜಾಸ್ತಿ.

ಹಾಗೆಯೇ 'ಯಜಮಾನರು' ಎನ್ನುವ ಪದವೂ. ಕನ್ನಡದಲ್ಲಿ ಗಂಡನಿಗೂ ಮಾಲೀಕನಿಗೂ ಒಂದೇ ಪದ ಎನ್ನುವುದು ಚಿಕ್ಕಂದಿನಲ್ಲಿ ನನಗೆ ಹೊಳೆದಿರಲಿಲ್ಲ. ಈ ಕತ್ತಿಗಳನ್ನು ಮನೆಯಲ್ಲಿಟ್ಟುಕೊಳ್ಳಲು ಅನುಮತಿ ಬೇಕೇನು ಎಂದು ಒಂದು ಕಚೇರಿಗೆ ಹೋಗಿ ವಿಚಾರಿಸಿದಾಗ ಹೊಳೆಯಿತು. ಅಲ್ಲಿದ್ದವರು ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿ, "ಸರಿ ಮೇಡಂ, ಯಜಮಾನ್ರನ್ನ ಕಳ್ಸಿ" ಅಂದರು. ನಾನು "ನಾನೇ ಯಜಮಾನಿ" ಅಂದೆ. ಅವರು ನಕ್ಕು, "ಅದು ಗೊತ್ತಾಗುತ್ತೆ ಬಿಡಿ, ಆದ್ರೂ ಯಜಮಾನ್ರನ್ನ ಕಳ್ಸಿ" ಅಂದರು.

ಒಂದು ಸ್ಥಳೀಯ ಪತ್ರಿಕೆಯಿಂದ ಒಬ್ಬರು ಬಂದದ್ದೂ ಹೀಗೇ. ಮುಕ್ಕಾಲು ಗಂಟೆ ನಾನು ಮಾತಾಡಿದೆ. ಬಳ್ಳಿಯನ್ನು ಉಕ್ಕಿನ ಮೇಲೆ ಕೆತ್ತುವುದಿಲ್ಲ, ಮೇಣ ಬಳಿದು, ಚಿತ್ರ ಗೀರಿ, ಆ್ಯಸಿಡ್ಡಿನಲ್ಲಿ ತಿನ್ನಿಸುತ್ತಾರೆ ಎಂದು ಬರೆದು ತೋರಿಸಿದೆ. ಅವರು ಎಲ್ಲ ಬರೆದುಕೊಂಡು, ಫೋಟೋ ತೆಗೆಯುವಾಗ, "ಮೇಡಂ, ನೀವು ಒಂಚೂರು ಪಕ್ಕಕ್ಕೆ ಬರ್ತೀರಾ, ಸಾರ್ ಕೈಗೆ ಒಂದು ಕತ್ತಿ ಕೊಡಿ" ಅಂದರು. ಮರುದಿನ 'ಜರ್ಮನ್ ಖಡ್ಗಗಳ ಸರದಾರ' ಎಂಬ ದಪ್ಪಕ್ಷರದ ಕೆಳಗೆ ನನ್ನ ಗಂಡ ಮಲ್ಲಿಕಾರ್ಜುನಯ್ಯನವರು, ಅಳುವ ಕೂಸನ್ನು ಎತ್ತಿಕೊಂಡವರ ಹಾಗೆ ಕತ್ತಿ ಹಿಡಿದು ನಿಂತಿದ್ದರು. ಮೂಲೆಯಲ್ಲಿ ನನ್ನ ಸೀರೆಯ ಸೆರಗಿತ್ತು. "ನೀವ್ಯಾಕೆ ಹೇಳ್ಲಿಲ್ಲ?" ಅಂದೆ. "ಯಾರ ಹೆಸರಾದ್ರೇನೇ ಗಿರಿಜಾ, ಇಬ್ರದೂ ಒಂದೇ ಅಲ್ವಾ?" ಅಂದರು. ಒಂದೇ ಆಗಿದ್ದರೆ ಆ ಹೆಸರು ನನ್ನದಾಗಿದ್ದರೂ ನಡೆಯುತ್ತಿತ್ತಲ್ಲ!

ಆ ಪತ್ರಿಕೆಯ ತುಂಡನ್ನು ಲ್ಯಾಮಿನೇಶನ್ ಮಾಡಿಸಿ ತನ್ನ ಅಂಗಡಿಯಲ್ಲಿ ತೂಗುಹಾಕಿಕೊಂಡವನು ನನ್ನ ಮೈದುನ ರುದ್ರೇಶ. ಗುಬ್ಬಿಯಲ್ಲಿ ಅವನದು ಹಾರ್ಡ್‌ವೇರ್ ಅಂಗಡಿ. ಒಳ್ಳೆಯವನು. ಇದನ್ನು ಈಗಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಅಣ್ಣ ಎಂದರೆ ಅವನಿಗೆ ಪ್ರಾಣ. ಅಣ್ಣನಿಗೆ ಅರವತ್ತು ತುಂಬಿದಾಗ ಗುಬ್ಬಿಯ ಕಲ್ಯಾಣ ಮಂಟಪದಲ್ಲಿ ದೊಡ್ಡದಾಗಿ ಸಮಾರಂಭ ಮಾಡುತ್ತೇನೆಂದು ಅವನೇ ಹೊರಟ.

ಸಮಾರಂಭಕ್ಕೆ ಒಂದು ವಾರವಿರುವಾಗ ಕಾಲೇಜಿನಿಂದ ಬಂದು ನೋಡಿದರೆ ಗೋಡೆಯ ಮೇಲೆ ಸಿಂಹದ ಕತ್ತಿ ಇಲ್ಲ. "ರುದ್ರೇಶ ಬಂದಿದ್ದ, ಸ್ಟೇಜ್ ಮೇಲೆ ಇಡ್ಬೇಕು ಅಂತ ತಗೊಂಡೋದ" ಅಂದರು ಇವರು, ಟೀವಿ ನೋಡುತ್ತ. ನನ್ನನ್ನು ಕೇಳಬೇಕಿತ್ತು ಎಂದು ಅವನಿಗೆ ಹೊಳೆಯದಿದ್ದದ್ದು ಬೇರೆ ಮಾತು. ಇವರಿಗೂ ಹೊಳೆಯಲಿಲ್ಲ. ತಕ್ಷಣ ಫೋನ್ ಮಾಡಿದೆ.

"ರುದ್ರೇಶ, ಆ ಕತ್ತೀನ ಬಟ್ಟೇಲಿ ಸುತ್ತಿ ಬೀರೂನಲ್ಲಿಡಪ್ಪ. ಕೈಯಲ್ಲಿ ಮುಟ್ಟೋಕ್ ಹೋಗ್ಬೇಡ."

"ಅಯ್ಯೋ ಅತ್ಗೆ, ನೀವ್ ಯಾಕ್ ತಲೆ ಕೆಡಿಸ್ಕತೀರ. ಅಣ್ಣಂಗೆ ಒಂದ್ ಸರ್ಪ್ರೈಸ್ ಐತೆ, ನೋಡ್ತಿರಿ."

ಆಗಲೇ ಗುಬ್ಬಿ ಬಸ್ಸು ಹತ್ತಬೇಕಿತ್ತು. ಹತ್ತಲಿಲ್ಲ. ಪರೀಕ್ಷೆಯ ಕೆಲಸವಿತ್ತು.

ಸಮಾರಂಭದ ದಿನ ಚೇಳೂರು, ಸಿ.ಎಸ್. ಪುರ, ನಿಟ್ಟೂರು ಎಲ್ಲ ಕಡೆಯಿಂದ ನಂಟರು ಬಂದು ಮಂಟಪ ತುಂಬಿತ್ತು. ನಮ್ಮಿಬ್ಬರಿಗೂ ಹಾರ ಹಾಕಿ, ಶಾಲು ಹೊದಿಸಿ, ಸಿಂಹಾಸನದಂಥ ಕುರ್ಚಿಗಳಲ್ಲಿ ಕೂರಿಸಿದ್ದರು. ರುದ್ರೇಶ ಮೈಕು ಹಿಡಿದು, "ನಮ್ಮಣ್ಣನ್ ಕತ್ತಿ ಪೇಪರ್‌ನಲ್ಲೆಲ್ಲ ಬಂದದೆ, ಎಲ್ರಿಗೂ ಗೊತ್ತು. ಆದ್ರೆ ಹಳೇದಾಗಿ ಮಂಕಾಗೋಗಿತ್ತು. ಈಗ ನೋಡಿ!" ಎಂದು ಕೆಂಪು ವೆಲ್ವೆಟ್ ಬಟ್ಟೆ ಸರಿಸಿ ಕತ್ತಿ ಎತ್ತಿ ತೋರಿಸಿದ.

ಜನ ಚಪ್ಪಾಳೆ ತಟ್ಟಿದರು. ಕತ್ತಿ ಹೊಸ ಬೈಕಿನ ಸೈಲೆನ್ಸರ್ ಹಾಗೆ ಹೊಳೆಯುತ್ತಿತ್ತು. ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗೊತ್ತಿರುವವರಿಂದ ತಿರುಗುವ ಚಕ್ರಕ್ಕೆ ಹಿಡಿಸಿ ಬಫಿಂಗ್ ಮಾಡಿಸಿ, ಮೇಲೆ ಕ್ರೋಮ್ ಪ್ಲೇಟಿಂಗ್ ಮಾಡಿಸಿದ್ದ. ಸಿಂಹದ ಕೇಸರ ಸವೆದು ಬೋಳುತಲೆಯಾಗಿತ್ತು. ಇದ್ದ ಒಂದು ಕೆಂಪು ಕಣ್ಣೂ ಹೋಗಿತ್ತು. ಬ್ಲೇಡಿನ ಮೇಲೆ ಬಳ್ಳಿ ಇಲ್ಲ, ಎಲೆ ಇಲ್ಲ, ಓಟ್ಟೋ ಇಲ್ಲ, ಮೂವರು ಗೆಳೆಯರಿಲ್ಲ. ಆ ಜಾಗದಲ್ಲಿ ಪಾತ್ರೆ ಅಂಗಡಿಯ ಮೆಷಿನ್ನಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೊಸ ಅಕ್ಷರ ಕೊರೆಸಿದ್ದ. ಮದುವೆ ಮನೆಯ ಉಡುಗೊರೆ ಚೊಂಬಿನ ಮೇಲೆ ಇರುತ್ತದಲ್ಲ, ಅದೇ ಅಕ್ಷರ. "ಶ್ರೀ ಮಲ್ಲಿಕಾರ್ಜುನಯ್ಯನವರಿಗೆ ಅರವತ್ತರ ಶುಭಾಶಯಗಳು. ತಮ್ಮ ರುದ್ರೇಶ."

ನಾನು ಎದ್ದು ನಿಂತೆ. ಮೈಕು ಅವನ ಕೈಯಲ್ಲೇ ಇತ್ತು, ಹಾಗಾಗಿ ಮುಂದಿನ ಮಾತುಗಳೆಲ್ಲ ಅಡುಗೆಮನೆಯಲ್ಲಿ ಪಾಯಸ ಕಲಕುತ್ತಿದ್ದವರಿಗೂ ಕೇಳಿಸಿದವು.

"ಯಾರನ್ನ ಕೇಳಿ ಮಾಡ್ಸಿದೆ ಇದನ್ನ?"

"ಯಾರನ್ ಕೇಳ್ಬೇಕು ಅತ್ಗೆ? ಅಣ್ಣನ್ ಕತ್ತಿ, ಅಣ್ಣನ್ ಕೇಳೇ ತಂದೆ."

ನಾನು ಗಂಡನ ಕಡೆ ತಿರುಗಿದೆ. "ಹೇಳ್ರೀ. ಇದು ಯಾರ್ದು?"

ಅವರು ಹಾರದ ಹೂವೊಂದನ್ನು ಕಿತ್ತರು. ಮಂಟಪವೆಲ್ಲ ಅವರನ್ನೇ ನೋಡುತ್ತಿತ್ತು. ಒಂದೇ ಮಾತು ಬೇಕಾಗಿತ್ತು. ನನ್ನ ಹೆಂಡತಿಯದು ಅನ್ನುವುದೂ ಬೇಡ, ಇವಳದು ಅಂದಿದ್ದರೆ ಸಾಕಿತ್ತು. ಅವರು ನನ್ನ ಮುಖ ನೋಡದೆ, "ಮನೇದು ಕಣೇ. ನಮ್ಮನೇದು" ಅಂದರು.

ರುದ್ರೇಶನ ಮೇಲಿದ್ದ ಸಿಟ್ಟು ಅಲ್ಲಿಗೆ ಮುಗಿಯಿತು. ಅವನಿಗೆ ಗೊತ್ತಿರಲಿಲ್ಲ. ಇವರಿಗೆ ಗೊತ್ತಿತ್ತು. ಹಾರ ತೆಗೆದು ಕುರ್ಚಿಯ ಮೇಲಿಟ್ಟೆ, ಕತ್ತಿಯನ್ನು ನನಗೆ ಹೊದಿಸಿದ್ದ ಶಾಲಿನಲ್ಲೇ ಸುತ್ತಿ, ಊಟ ಮಾಡದೆ ಬಸ್‌ಸ್ಟ್ಯಾಂಡಿಗೆ ನಡೆದೆ. ತುಮಕೂರಿನ ಬಸ್ಸಿನಲ್ಲಿ ರೇಷ್ಮೆ ಸೀರೆ ಉಟ್ಟು, ಕಣ್ಣು ಕೆಂಪಗೆ ಮಾಡಿಕೊಂಡು, ಮಾರುದ್ದದ ಗಂಟು ಹಿಡಿದು ಕೂತ ಹೆಂಗಸನ್ನು ನೋಡಿ ಕಂಡಕ್ಟರ್ "ಏನಮ್ಮ ಅದು?" ಅಂದ. "ಕತ್ತಿ" ಅಂದೆ. "ಯಾರ್ದು?" ಅಂದ. ಆ ದಿನ ಆ ಪ್ರಶ್ನೆ ಕೇಳಬಾರದಿತ್ತು. "ನಂದು" ಎಂದು ನಾನು ಅಂದ ರೀತಿಗೆ ಪಕ್ಕದಲ್ಲಿದ್ದ ಇಬ್ಬರು ಎದ್ದು ಹಿಂದಿನ ಸೀಟಿಗೆ ಹೋದರು.

ಮನೆಗೆ ಬಂದು ಕತ್ತಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ, ಓರೆಯಾಗಿ ಹಿಡಿದೆ, ಭೂತಗನ್ನಡಿಯಲ್ಲಿ ನೋಡಿದೆ. ನಾನು ರಸಾಯನಶಾಸ್ತ್ರದವಳು, ನೋಡುವ ಮೊದಲೇ ಗೊತ್ತಿತ್ತು. ಆ್ಯಸಿಡ್ ತಿಂದ ಗೆರೆಯ ಆಳ ಒಂದು ಕೂದಲಿನಷ್ಟೂ ಇರುವುದಿಲ್ಲ. ಬಫಿಂಗ್ ಎಂದರೆ ಕೊಳೆ ತೆಗೆಯುವುದಲ್ಲ, ಲೋಹವನ್ನೇ ಸವೆಸುವುದು. ಕತ್ತಿ ಹೊಳೆಯುತ್ತಿದೆ ಎಂದರೆ ಅಕ್ಷರವಿದ್ದ ಉಕ್ಕು ಪುಡಿಯಾಗಿ ಅಂತರಸನಹಳ್ಳಿಯ ಯಾವುದೋ ನೆಲದ ಮೇಲೆ ಬಿದ್ದು, ಮಾರನೆಯ ದಿನ ಗುಡಿಸಿಹೋಗಿದೆ ಎಂದೇ ಅರ್ಥ. ಆ ಮೂವರು ಗೆಳೆಯರು ಯಾರೋ, ಓಟ್ಟೋ ಮನೆಗೆ ತಿರುಗಿ ಹೋದನೋ ಇಲ್ಲವೋ. ಅವನಿಗೆ ಗೆಳೆಯರಿದ್ದರು ಎನ್ನುವುದು ನೂರು ವರ್ಷ ಉಳಿದಿತ್ತು. ಕೊಟ್ಟಿಗೆಯ ಗಂಜಲಕ್ಕೂ ಬಗ್ಗದೆ ಉಳಿದಿತ್ತು. ಪ್ರೀತಿಯಿಂದ ತಿಕ್ಕಿಸಿದ ಒಂದು ಮಧ್ಯಾಹ್ನಕ್ಕೆ ಹೋಯಿತು. ನಾನು ಅತ್ತೆ. ಸಿಟ್ಟಿಗೆ ಅತ್ತೆ ಎಂದು ಹೇಳಿಕೊಳ್ಳಬಹುದು, ಆದರೆ ಓಟ್ಟೋಗೇ ಅತ್ತೆ.

ಸಂಜೆ ಇವರು ಬರುವ ಹೊತ್ತಿಗೆ ಮಿಕ್ಕ ಮೂರು ಕತ್ತಿಗಳನ್ನೂ ಗೋಡೆಯಿಂದ ಇಳಿಸಿ ಮಂಚದ ಕೆಳಗೆ ಇಟ್ಟಿದ್ದೆ. ಬರಿಯ ಮೊಳೆಗಳನ್ನು ನೋಡಿ ಇವರು ನಿಂತರು. ನಾನು ಮಾತಾಡಲಿಲ್ಲ. ಆ ವಾರವೆಲ್ಲ ಮಾತಾಡಲಿಲ್ಲ. ಸಿಟ್ಟು ಬಂದರೆ ಕೂಗಾಡುವವಳು ಕೂಗದೆ ಇದ್ದರೆ ಮನೆಯಲ್ಲಿ ಎಷ್ಟು ಗದ್ದಲವಾಗುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ಇವರು ತಾವೇ ತಟ್ಟೆ ತೊಳೆದರು, ತಾವೇ ಬಟ್ಟೆ ಒಣಗಿ ಹಾಕಿದರು. ಒಂದು ಬೆಳಿಗ್ಗೆ ನಾನು ಕಾಲೇಜಿಗೆ ಹೊರಟಾಗ ಬಾಗಿಲಲ್ಲಿ ಅಡ್ಡ ನಿಂತರು.

"ಗಿರಿಜಾ, ಒಂದ್ ಮಾತು. ಆಫೀಸಲ್ಲಿ ಅಷ್ಟು ವರ್ಷ ಇದ್ದೆ ನಾನು. ನನ್ನ ಟೇಬಲ್ ಹತ್ರ ಬಂದೋರು ಫೈಲ್ ಕೇಳಿದ್ರು, ಸೀಲ್ ಕೇಳಿದ್ರು. ನನ್ನನ್ನ ಯಾರೂ ಏನೂ ಕೇಳ್ಲಿಲ್ಲ. ಈ ಕತ್ತಿ ನೋಡಿದ್ಮೇಲೇನೇ ಕಣೇ ಜನ ನನ್ನ ಕಡೆ ತಿರುಗಿ, ಸಾರ್ ನಿಮ್ ಬಗ್ಗೆ ಹೇಳಿ ಅಂದಿದ್ದು. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

ಅದು ನಿಜ. ನಿಜವಾಗಿದ್ದರಿಂದಲೇ ನನ್ನ ಸಿಟ್ಟು ಇನ್ನೂ ಏರಿತು. ಸುಳ್ಳಾಗಿದ್ದರೆ ಹೀಯಾಳಿಸಿ ಹೋಗಿಬಿಡಬಹುದಿತ್ತು. "ನನ್ನನ್ನ ಯಾರ್ರೀ ಕೇಳಿದ್ರು?" ಅಂದೆ. "ನಿಮ್ಮನ್ನ ಕತ್ತಿ ನೋಡಿದ್ಮೇಲಾದ್ರೂ ಕೇಳಿದ್ರು. ನಾನು ಕತ್ತಿ ತಂದ್ಮೇಲೂ ಕೇಳ್ಲಿಲ್ಲ. ನೀವಾದ್ರೂ ನನ್ನ ಕಡೆ ಒಂದ್ ಸಲ ಬೆರಳು ತೋರ್ಸಬಹುದಿತ್ತು."

ಅವರು ಜೇಬಿನಿಂದ ಫೋನ್ ತೆಗೆದು, ನನಗೆ ಕೇಳಿಸುವಂತೆ ಸ್ಪೀಕರ್ ಹಾಕಿ, ತಮ್ಮನಿಗೆ ಕರೆ ಮಾಡಿದರು.

"ರುದ್ರೇಶ, ಕತ್ತಿ ನಂದಲ್ಲ ಕಣೋ. ಯಾವ್ದೂ ನಂದಲ್ಲ. ಎಲ್ಲ ನಿಮ್ಮತ್ಗೇದು. ಪೇಪರ್‌ನಲ್ಲಿ ಬಂದಿದ್ದು ಸುಳ್ಳು."

ಆ ಕಡೆ ಅಂಗಡಿಯಲ್ಲಿ ಯಾರೋ ಮೊಳೆ ತೂಗಿಸುವ ಸದ್ದು. ಕೊನೆಗೆ ರುದ್ರೇಶ ನಿಜವಾದ ಗಾಬರಿಯಿಂದ, "ಅತ್ಗೇದಾ? ಅತ್ಗೆಗ್ಯಾಕಣ್ಣ ಕತ್ತಿ?" ಅಂದ.

ಆ ಭಾನುವಾರ ಬಂದ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕುರ್ಚಿಯಲ್ಲಿ ಕೂರದೆ ನಿಂತೇ ಇದ್ದ. ಪೇಪರ್ ತುಂಡನ್ನು ಅಂಗಡಿಯಿಂದ ಇಳಿಸಿದ್ದೇನೆ ಅಂದ. "ತಪ್ಪಾಯ್ತು ಅತ್ಗೆ. ಕೊಡಿ ಇಲ್ಲಿ, ಅಣ್ಣನ್ ಹೆಸ್ರು ಅಳ್ಸಿ ನಿಮ್ ಹೆಸ್ರೇ ಹಾಕುಸ್ಕೊಂಡ್ ಬತ್ತೀನಿ." ಅವನ ಮುಖ ನೋಡಿದರೆ ಸಿಟ್ಟು ಮಾಡುವ ಹಾಗೂ ಇರಲಿಲ್ಲ, ನಗುವ ಹಾಗೂ ಇರಲಿಲ್ಲ. ಒಂದು ಕ್ಷಣ ನನಗೂ ಆಸೆಯಾದದ್ದು ನಿಜ. ಉಕ್ಕಿನ ಮೇಲೆ ನನ್ನ ಹೆಸರು! ಆಮೇಲೆ ಓಟ್ಟೋನ ಮೇಲೆ ಇನ್ನೊಮ್ಮೆ ಚಕ್ರ ಓಡುವುದು ನೆನಪಾಗಿ, "ಬೇಡಪ್ಪ, ಇದ್ದ ಹಾಗೇ ಇರ್ಲಿ. ಕೂತ್ಕೋ, ತಿಂಡಿ ತಿನ್ನು" ಅಂದೆ. ಕತ್ತಿ ಈಗ ತಿರುಗಿ ಗೋಡೆಗೆ ಬಂದಿದೆ, ಕ್ರೋಮು, ಶುಭಾಶಯ ಎಲ್ಲದರ ಸಮೇತ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಉರಿಯಲಿ ಎಂದೇ ಹಾಕಿದ್ದೇನೆ.

ಇದೆಲ್ಲ ಆದಮೇಲೆ ಎಲ್ಲ ಸರಿಹೋಯಿತು ಎಂದು ಬರೆದರೆ ನಿಮಗೂ ಸಮಾಧಾನ. ಸರಿಹೋಗಲಿಲ್ಲ. ಮೊನ್ನೆ ನಮ್ಮ ಹಿಂದಿನ ಬೀದಿಗೆ ಹೊಸದಾಗಿ ಬಂದ ನಿವೃತ್ತ ಅಧಿಕಾರಿಯೊಬ್ಬರು ಗೃಹಪ್ರವೇಶಕ್ಕೆ ಕರೆಯಲು ಬಂದರು. ಕತ್ತಿಗಳನ್ನು ನೋಡಿದರು, ಇವರನ್ನು ನೋಡಿದರು, "ಏನ್ಸಾರ್, ಭಾರಿ ಕಲೆಕ್ಷನ್ನು?" ಅಂದರು. ಇವರು ಗಂಟಲು ಸರಿಮಾಡಿಕೊಂಡು, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ, "ನನ್ನವಲ್ಲ ಸಾರ್. ಇವಳವು. ನಂಗೆ ಇದ್ರಲ್ಲಿ ಏನೂ ಗೊತ್ತಿಲ್ಲ" ಅಂದರು.

ಅಧಿಕಾರಿಗಳು ನನ್ನ ಕಡೆ ತಿರುಗಿದರು. ಬಹಳ ಗೌರವದಿಂದ, "ಓಹೋ! ತಂದೆಯವರು ಮಿಲಿಟರೀಲಿದ್ರಾ ಅಮ್ಮ?" ಅಂದರು.

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಏನೋ ಸಿಡಿದಂತಾಯಿತು. ನನ್ನ ಗಂಡ ಎದ್ದು ನಿಂತಿದ್ದರು.

"ತಂದೇದಲ್ಲ ಸ್ವಾಮೀ! ಹೇಳಿದ್ನಲ್ಲ, ಇವಳ್ದು ಅಂತ! ಇವಳೇ ಹುಡುಕಿ ತಂದೋಳು, ಇವಳೇ ತುಕ್ಕು ಬಿಡ್ಸಿದೋಳು, ನಿಘಂಟು ಇಟ್ಕೊಂಡು ಇವಳೇ ಜರ್ಮನ್ ಕಲ್ತೋಳು! ಅಪ್ಪಂದೂ ಅಲ್ಲ, ಗಂಡಂದೂ ಅಲ್ಲ! ಎಷ್ಟ್ ಸಲ ಹೇಳ್ಬೇಕು?"

ನಿಜ ಹೇಳಬೇಕೆಂದರೆ ಅವರು ಹೇಳಿದ್ದು ಒಂದೇ ಸಲ, ಅದೂ ಅರ್ಧ ನಿಮಿಷದ ಹಿಂದೆ. ಪಾಪ, ಆ ಅಧಿಕಾರಿಗಳು ಆಮಂತ್ರಣ ಪತ್ರಿಕೆಯನ್ನು ಎದೆಗೆ ಒತ್ತಿಕೊಂಡು ಬಾಗಿಲ ಕಡೆ ನೋಡತೊಡಗಿದರು. ಇವರ ಕಿವಿ ಕೆಂಪಾಗಿತ್ತು. ಸಿಟ್ಟು ಅಭ್ಯಾಸವಿಲ್ಲದವರಿಗೆ ಹಾಗಾಗುತ್ತದೆ. ಆ ಅಧಿಕಾರಿಗಳ ಮೇಲೆ ನನಗೆ ಬರಬೇಕಾಗಿದ್ದ ಸಿಟ್ಟಿಗಾಗಿ ಒಳಗೆಲ್ಲ ಹುಡುಕಿದೆ, ಒಂದು ಚೂರೂ ಸಿಗಲಿಲ್ಲ. ನನ್ನ ಪಾಲಿನದನ್ನೂ ಇವರೇ ಮಾಡಿ ಮುಗಿಸಿದ್ದರು. ಮನಸ್ಸು ಎಷ್ಟು ಹಗುರವಾಯಿತೆಂದರೆ ನನಗೇ ನಂಬಲಾಗಲಿಲ್ಲ.

"ಕೂತ್ಕೊಳಿ ಸಾರ್, ಬೇಜಾರ್ ಮಾಡ್ಕೋಬೇಡಿ" ಅಂದೆ, ಜೇನಿನಂಥ ದನಿಯಲ್ಲಿ. "ನಮ್ಮನೆಯವ್ರಿಗೆ ಕೋಪ ಸ್ವಲ್ಪ ಜಾಸ್ತಿ."